ತೊಟ್ಟಿಯ ಹಸಿರು

ಹೇರೋಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ಅಜೋಲಾ ಬೆಳೆಸುತ್ತಿದ್ದರು. ನೋಡಿದರೆ ಪಾಚಿ ಅನ್ನಬೇಕು, ಹಾಗೆ ತೇಲುವ ಪುಟ್ಟ ಗಿಡ. ನಾಟಿಯಾದ ಮೇಲೆ ಅದನ್ನು ಬಕೆಟ್ಟಿಗೆ ತುಂಬಿ, ತಾವರೆಕೆರೆ ಕಡೆ ಉಳಿದಿದ್ದ ಗದ್ದೆಯ ನೀರಿಗೆ ಬಿಟ್ಟು ಬರುತ್ತಿದ್ದರು. ಅದು ಹರಡಿ ಕೊಳೆತರೆ ಭತ್ತಕ್ಕೆ ಯೂರಿಯಾ ಕಮ್ಮಿ ಸಾಕು, ತೆನೆ ತುಂಬುತ್ತದೆ ಅನ್ನುವುದು ಅವರ ಲೆಕ್ಕ. ತೊಟ್ಟಿ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ನೀರು ಸರಿಸುತ್ತಾ, "ಬಿಟ್ರೆ ಆಯ್ತು, ತಾನೇ ಬೆಳ್ಕೊಳ್ಳತ್ತೆ" ಅನ್ನುತ್ತಿದ್ದರು.

ಒಂದು ಸಲ ಅವರು ಮದುವೆಗೆ ಹೋಗಿದ್ದಾಗ, ಮೇಲಿನ ಮನೆಗೆ ಹೊಸದಾಗಿ ಬಂದಿದ್ದ ಹುಡುಗಿ ಡೆಂಗ್ಯೂ ಭಯಕ್ಕೆ ತೊಟ್ಟಿ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಬಿಟ್ಟಳು. ನಾಟಿ ಹತ್ತಿರ ಬಂದಿತ್ತು. ಮನೆ ಖಾಲಿ ಮಾಡಿಸುತ್ತಾರೆ ಅಂದುಕೊಂಡೆವು. ಅವರು ಬಂದು ತೊಟ್ಟಿ ನೋಡಿದರು.

"ನೀರು ಎಲ್ಲಿಗೆ ಬಿಟ್ಟೆ ಕಣಮ್ಮ?"

"ಮೋರಿಗೆ, ಅಂಕಲ್."

ಅವರು ಮೋರಿಯ ಜಾಡು ಹಿಡಿದು ಹೊರಟರು. ನಾವೂ ಹಿಂದೆ ಹೋದೆವು. ಹಿಂದೆ ಅವರ ಗದ್ದೆಯಾಗಿದ್ದ ಜಾಗವೆಲ್ಲ ಈಗ ಮನೆಗಳು. ಖಾಲಿ ಉಳಿದಿದ್ದ ಒಂದೇ ಸೈಟಿನಲ್ಲಿ ಮೋರಿ ನೀರು ನಿಂತಿತ್ತು. ನೀರಿನ ಮೇಲೆ ಹಸಿರು ತೇಲುತ್ತಿತ್ತು.

ಅವರು ಪಂಚೆ ಎತ್ತಿ ಕಟ್ಟಿ ಇಳಿದು, ಬೊಗಸೆ ತುಂಬಿಕೊಂಡರು.

"ಮೋರಿಗಲ್ಲ ಕಣಮ್ಮ, ಗದ್ದೆಗೇ ಬಿಟ್ಟಿದ್ದೀಯ."