ಸ್ವೆಟರ್ ಅಂಗಡಿಗೆ ನಾನು ಬರೆದ ಬೋರ್ಡು

ಬಿಸಿಲಿಗೇ ಹೆಸರಾದ ಕಲಬುರಗಿಯಲ್ಲಿ ಸ್ವೆಟರ್ ಮಾರಿ ಬದುಕುವುದಕ್ಕೆ ಗುಂಡಿಗೆ ಬೇಕು. ಖೂಬಾ ಪ್ಲಾಟಿನ ನಮ್ಮ ಮನೆಯ ಹೊರಗಿನ ಖೋಲಿಗೆ ಪ್ರತಿ ಚಳಿಗಾಲ ಬಾಡಿಗೆಗೆ ಬರುತ್ತಿದ್ದ ಟಿಬೆಟಿನ ಹೆಣ್ಣುಮಗಳಿಗೆ ಅದಿತ್ತು. ಅವಳು ಹುಟ್ಟಿ ಬೆಳೆದದ್ದು ಮುಂಡಗೋಡಿನ ಟಿಬೆಟಿನವರ ಕ್ಯಾಂಪಿನಲ್ಲಿ. ಚೀನಾದ ಸೈನ್ಯಕ್ಕೆ ಹೆದರಿ ಗುಡ್ಡ ದಾಟಿ ಈ ದೇಶಕ್ಕೆ ಓಡಿಬಂದವನು ಅವಳ ಅಜ್ಜ. ಎರಡು ತಿಂಗಳು ಇಲ್ಲಿ ಮಾಡುವ ವ್ಯಾಪಾರದ ಮೇಲೆಯೇ ಅವಳ ವರ್ಷದ ಸಂಸಾರ, ಮಗಳ ನರ್ಸಿಂಗ್ ಓದು ಎಲ್ಲ ನಿಂತಿತ್ತು.

ಆ ವರ್ಷ ಗಡಿಯಲ್ಲಿ ಚೀನಾದವರೊಂದಿಗೆ ಜಗಳವಾಯಿತು. ಟಿವಿಯಲ್ಲಿ ಸೂಟು ಹಾಕಿಕೊಂಡವರು ದಿನಾ ಸಂಜೆ ಯುದ್ಧ ಗೆಲ್ಲತೊಡಗಿದರು. ನಮ್ಮ ಓಣಿಯಲ್ಲೂ ಒಬ್ಬ ಸೇನಾಪತಿ ಎದ್ದ. ಕಾರ್ಪೊರೇಟರ್ ಟಿಕೆಟ್ಟಿಗೆ ಕಾದು ಕುಳಿತಿದ್ದ ಲೀಡರ್ ಅವನು, ನನ್ನ ಹಳೆಯ ವಿದ್ಯಾರ್ಥಿ. ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದ ಮಾಸ್ತರ. ಅವನು ಆ ವಿಷಯದಲ್ಲಿ ಪಾಸಾದದ್ದು ಮುಂದಿನ ಬೆಂಚಿನವನ ದಯೆಯಿಂದ. ಚೌಕದಲ್ಲಿ ಮಕ್ಕಳ ಆಟಿಗೆ ಸಾಮಾನು ಸುಟ್ಟು, ಚೀನಾ ಮಾಲು ಮುಟ್ಟಬಾರದೆಂದು ಗಂಟಲು ಹರಿಯುವಂತೆ ಭಾಷಣ ಮಾಡಿದ. ಮೈಕು ಯಾವ ದೇಶದ್ದೆಂದು ಯಾರೂ ತಿರುವಿ ನೋಡಲಿಲ್ಲ.

ಮರುದಿನ ಮನೆಗೇ ಬಂದ.

"ಸರ್, ನಿಮ್ಮ ಖೋಲ್ಯಾಗ ಚೀನಾದವ್ರನ್ನ ಇಟ್ಕೊಂಡೀರಿ ಅಂತ ಜನ ಮಾತಾಡಾಕತ್ತಾರ."

ನಾನು ಅವಳ ಅಜ್ಜನ ಕಥೆಯನ್ನು ಪಾಠದಂತೆ ಬಿಡಿಸಿ ಹೇಳಿದೆ. ಎಲ್ಲ ಕೇಳಿ, ಚಹಾ ಮುಗಿಸಿ, "ಖರೇ ಇರಬಹುದ್ರೀ ಸರ್. ಆದ್ರ ಆಕಿ ಮಾರಿ ನೋಡ್ರಿ" ಅಂದ.

ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು. ಮಾಸ್ತರಿಕೆ ಕೇಳಬೇಕಲ್ಲ! ದೊಡ್ಡ ರಟ್ಟು ತಂದು, ದಪ್ಪ ಅಕ್ಷರದಲ್ಲಿ 'ನಾವು ಚೀನಾದವರಲ್ಲ' ಎಂದು ಬರೆದು, ರಸ್ತೆ ಬದಿಯ ಅವಳ ಅಂಗಡಿಗೆ ನಾನೇ ಹೋಗಿ ಕಟ್ಟಿಬಂದೆ. ಅಲ್ಲಿಯವರೆಗೆ ಜನ ಸ್ವೆಟರ್ ನೋಡುತ್ತಿದ್ದರು. ಬೋರ್ಡು ಓದಿದ ಮೇಲೆ ಅವಳ ಮುಖ ನೋಡತೊಡಗಿದರು. ಇಷ್ಟು ದಪ್ಪಗೆ ಬರೆದಿದ್ದಾರೆ ಎಂದರೆ ಏನೋ ಇರಲೇಬೇಕು ಎಂದುಕೊಂಡರು. ವಾರದೊಳಗೆ ವ್ಯಾಪಾರ ನಿಂತಿತು. ಆದರೂ ಅವಳು ಬೋರ್ಡು ಬಿಚ್ಚಲಿಲ್ಲ. ಸರ್ ಬೇಜಾರಾದಾರು ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಹೊಲ ಇರುವುದು ಕಮಲಾಪುರದಲ್ಲಿ. ಅವತ್ತು ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಗುರುತಿನವರನ್ನೆಲ್ಲ ಹೊಲದಲ್ಲೇ ಕೂಡಿಸಿ ಸಜ್ಜೆ ರೊಟ್ಟಿ, ಭಜ್ಜಿ ಉಣಿಸುವುದು ನಮ್ಮ ಪದ್ಧತಿ. ಆ ಊಟಕ್ಕೆ ಕರೆಯದೆ ಬಿಟ್ಟರೆ ಸಂಬಂಧ ಕಡಿದುಕೊಂಡಂತೆಯೇ. ಪ್ರತಿ ವರ್ಷ ಅವಳು ರೊಟ್ಟಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನಮ್ಮ ಜೊತೆ ಜೀಪಿನಲ್ಲಿ ಬರುತ್ತಿದ್ದಳು. ಈ ಸಲ ಲೀಡರ್ ಬರುತ್ತೇನೆಂದು ಹೇಳಿ ಕಳಿಸಿದ್ದ. ಅವಳಿಗೆ ಹೇಳುವುದು ಬೇಡ ಎಂದು ಹೆಂಡತಿಗೆ ಅಂದೆ. ಅವನಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಅಂಜಿದೆ, ಅಷ್ಟೇ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಜೀಪು ಹೊರಟಾಗ ಹೆಂಡತಿ ರೊಟ್ಟಿಯ ಬುಟ್ಟಿಯನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

ಲೀಡರ್ ಹೊಲಕ್ಕೆ ಬಂದ. ಥಂಡಿಗಾಳಿ ಇತ್ತು, ಮೈಮೇಲೆ ದಪ್ಪನೆಯ ಕಂದು ಸ್ವೆಟರ್. ಹೋದ ವರ್ಷ ನಮ್ಮ ಖೋಲಿಯವಳ ಹತ್ತಿರ ಚೌಕಾಸಿ ಮಾಡಿ ಕೊಂಡದ್ದಲ್ಲವೇ ಇದು ಎಂದು ಹೆಂಡತಿ ಎಲ್ಲರೆದುರೇ ಕೇಳಿದಳು. ಅವನೇನೂ ನಾಚಲಿಲ್ಲ. ಮಾಲು ಬಾಳಿಕೆ ಬರುತ್ತದೆ ಎಂದು ಹೊಗಳಿ, ಇನ್ನೊಂದಿಷ್ಟು ಭಜ್ಜಿ ಹಾಕಿಸಿಕೊಂಡ. ಉಂಡಾದ ಮೇಲೆ ಬೇವಿನ ಗಿಡದ ಕೆಳಗೆ ನಿಂತು ದೇಶಭಕ್ತಿಯ ಮೇಲೆ ನಾಲ್ಕು ಮಾತಾಡಿದ. ನಾನು ಚಪ್ಪಾಳೆ ತಟ್ಟಿದೆ.

ನಾವು ತಿರುಗಿ ಬಂದಾಗ ಅವಳು ಗಂಟುಗಳನ್ನು ಆಟೋದಲ್ಲಿ ಹೇರಿಸುತ್ತಿದ್ದಳು. ಹಂಗಾಮು ಮುಗಿಯಲು ಇನ್ನೂ ತಿಂಗಳಿತ್ತು. ನನ್ನ ಬೋರ್ಡನ್ನು ಒರೆಸಿ, ಗೋಡೆಗೆ ಆನಿಸಿ ಇಟ್ಟಿದ್ದಳು. ಖೋಲಿಯ ಬೀಗದ ಕೈ ನನ್ನ ಕೈಗೆ ಕೊಟ್ಟು, ಸಿಟ್ಟಿಲ್ಲದೆ ಕೇಳಿದಳು:

"ಸರ್, ಚೀನಾದವ್ರು ನಮ್ಮಜ್ಜನ್ನ ಯಾಕ ಓಡಿಸಿದ್ರು ಅಂತ ನನಗ ಗೊತ್ತೈತಿ. ನೀವು ಹೊಲಕ್ಕ ನನ್ನ ಯಾಕ ಕರೀಲಿಲ್ಲ, ಅದೊಂದು ಹೇಳ್ರಿ."

ಮೂವತ್ತು ವರ್ಷ ಪ್ರಶ್ನೆಪತ್ರಿಕೆಯಲ್ಲಿ 'ಕಾರಣ ಕೊಡಿ' ಎಂದು ಬರೆದು, ಉತ್ತರ ಖಾಲಿ ಬಿಟ್ಟ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಆಟೋ ಓಣಿ ದಾಟುವವರೆಗೂ ಬೀಗದ ಕೈ ಹಿಡಿದುಕೊಂಡು ನಿಂತಿದ್ದೆ.