ಸಂಜೆಯೇ ತಿರುಗಿಸಿದ ತಾರೀಖು

ಹೋದ ವರ್ಷ ಶಾಲೆಗಳು ಬಾಗಿಲು ತೆರೆಯುವ ಜೂನ್ ತಿಂಗಳಲ್ಲಿ ನನಗೆ ಜೀವನದ ಮೊದಲ ಕೆಲಸ ಸಿಕ್ಕಿತು. ಆಗ ನನಗೆ ಮೂವತ್ತೊಂದು ವರ್ಷ. ಅಲ್ಲಿಯವರೆಗೆ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇದ್ದ ಉತ್ತರ ಒಂದೇ, ಓದುತ್ತಿದ್ದೆ. ಸರ್ಕಾರ ಯಾವ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಕರೆದರೂ ಅರ್ಜಿ ಹಾಕಿ, ಲೈಬ್ರರಿಯ ರೀಡಿಂಗ್ ರೂಮಿನಲ್ಲಿ ಏಳು ವರ್ಷ ಕೂತಿದ್ದೆ. ಎರಡು ಸಲ ಪಟ್ಟಿಯ ಅಂಚಿನವರೆಗೆ ಹೋಗಿ ವಾಪಸ್ ಬಂದೆ. ಕೊನೆಕೊನೆಗೆ ಪುಸ್ತಕ ತೆರೆದರೆ ಸಾಕು, ಆಕಳಿಕೆ ಬರುತ್ತಿತ್ತು. ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಾ ಕೂತಿದ್ದ ಅಮ್ಮ ಒಂದು ದಿನ, "ಸರ್ಕಾರಿನೋ ಪ್ರೈವೇಟೋ, ಬೆಳಗ್ಗೆ ಎದ್ದು ಹೋಗೋಕೆ ಒಂದು ಜಾಗ ಅಂತ ಇರ್ಲಿ ಕಣೋ" ಅಂದಳು. ಆ ಮಾತಿಗೆ ಎದುರಾಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಕುವೆಂಪುನಗರದಲ್ಲಿ ನಾಲ್ಕೈದು ಶಾಲೆ ನಡೆಸುವ ಒಂದು ಖಾಸಗಿ ಸಂಸ್ಥೆಯ ಕಚೇರಿಗೆ ತಾತ್ಕಾಲಿಕ ಸಹಾಯಕನಾಗಿ ಸೇರಿದೆ. ಆರು ತಿಂಗಳ ಮಟ್ಟಿಗೆ ಅಂತ ಆದೇಶದಲ್ಲೇ ಬರೆದಿದ್ದರು. ಸಂವಿಧಾನದ ವಿಧಿಗಳನ್ನು ನಿದ್ದೆಯಲ್ಲೂ ಹೇಳಬಲ್ಲ ನನಗೆ ಮೊದಲ ದಿನ ಫೈಲಿಗೆ ಲೇಸು ಕಟ್ಟಲು ಬರಲಿಲ್ಲ. ಪಂಚಿಂಗ್ ಮಷೀನಿನಲ್ಲಿ ತೂತು ಹೊಡೆದದ್ದು ಸರಿಯಾಗಿ ಅಧ್ಯಕ್ಷರ ಸಹಿಯ ಮೇಲೆ ಬಿತ್ತು. ಕಚೇರಿಯ ಹಿರಿಯ ಗುಮಾಸ್ತೆ ನಾಗರತ್ನ ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಪ್ರತಿ ತೆಗೆದುಕೊಟ್ಟರು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಅವರಿಗೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಹೆಚ್ಚಿನ ಕೆಲಸವಾಗಿತ್ತೇನೋ.

ಅವರು ಮೊದಲು ಕಲಿಸಿದ್ದು ಟಪಾಲು. ಹೊರಗಿನಿಂದ ಯಾವ ಕಾಗದ ಬಂದರೂ ಅದಕ್ಕೆ ತಾರೀಖಿನ ಸೀಲು ಒತ್ತಬೇಕು, ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆದು ನಂಬರು ಹಾಕಬೇಕು, ಓದುವುದು ಆಮೇಲೆ. ಓದುತ್ತಾ ಕೂತರೆ ಸೀಲು ಮರೆತುಹೋಗುತ್ತದೆ ಅನ್ನುತ್ತಿದ್ದರು. ರಿಜಿಸ್ಟರಿನಲ್ಲಿ ತಪ್ಪಾದರೆ ವೈಟ್ನರ್ ಹಚ್ಚುವ ಹಾಗಿಲ್ಲ, ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. "ಅಳಿಸಬಾರ್ದು ಕಣಪ್ಪ. ಮೊದ್ಲು ಏನು ಬರೆದಿದ್ದೆ ಅಂತ್ಲೂ ಕಾಣ್ತಿರಬೇಕು" ಅಂದಿದ್ದರು. ಸೀಲಿನಲ್ಲಿ ತಾರೀಖಿನ ಸಣ್ಣ ರಬ್ಬರ್ ಪಟ್ಟಿಗಳಿರುತ್ತವೆ. ಬೆಳಗ್ಗೆ ಬಂದ ತಕ್ಷಣ, ಚೀಲ ಕೆಳಗಿಡುವ ಮೊದಲೇ ಅವನ್ನು ಆ ದಿನದ ತಾರೀಖಿಗೆ ತಿರುಗಿಸಬೇಕು ಅನ್ನುವುದು ಅವರ ನಿಯಮ.

ನನ್ನ ತೊಂದರೆ ಶುರುವಾದದ್ದು ಅಲ್ಲೇ. ಬೆಳಗ್ಗೆ ಸಿಟಿ ಬಸ್ಸು ನನ್ನನ್ನು ಇಳಿಸುವ ಹೊತ್ತಿಗೆ ಕೌಂಟರಿನ ಮುಂದೆ ಟಿಸಿ ಕೇಳುವವರು, ಶುಲ್ಕದ ರಸೀದಿ ಕಳೆದುಕೊಂಡವರು ಸಾಲು ನಿಂತಿರುತ್ತಿದ್ದರು. ಎರಡು ಸಲ ಹಿಂದಿನ ದಿನದ ತಾರೀಖೇ ಒತ್ತಿಬಿಟ್ಟೆ. ಮೇಡಂ ಎರಡನೆಯ ಸಲ, ಇನ್ನೊಂದು ಸಲ ಹೀಗಾದರೆ ಮೇಲಿನವರಿಗೆ ಹೇಳಬೇಕಾಗುತ್ತದೆ ಅಂದರು. ಆಗ ನನಗೊಂದು ಉಪಾಯ ಹೊಳೆಯಿತು. ಟಪಾಲು, ಕೊರಿಯರ್ ಎಲ್ಲ ಮೂರು ಗಂಟೆಯೊಳಗೇ ಬಂದು ಮುಗಿಯುತ್ತದೆ. ಸಂಜೆ ಐದಕ್ಕೇ ಮರುದಿನದ ತಾರೀಖು ತಿರುಗಿಸಿಟ್ಟರೆ ಬೆಳಗ್ಗೆ ಮರೆಯುವ ಮಾತೇ ಇಲ್ಲ. ಎರಡು ತಿಂಗಳು ಹಾಗೇ ಮಾಡಿದೆ. ಒಂದೇ ಒಂದು ತಪ್ಪಾಗಲಿಲ್ಲ. ಮೇಡಂ ಹೊಗಳಿದರು ಕೂಡ. ಯಾರಿಗೂ ಹೇಳದ ಆ ಜಾಣತನದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಸೆಪ್ಟೆಂಬರಿನಲ್ಲಿ ಅದೇ ಕಚೇರಿಗೆ ಒಬ್ಬ ಕಾಯಂ ಸಹಾಯಕರು ಬೇಕೆಂದು ಪ್ರಕಟಣೆ ಹೊರಟಿತು. ಅನುಭವ ಬೇಕಿಲ್ಲ, ಪದವಿ ಮತ್ತು ಕಂಪ್ಯೂಟರ್ ಗೊತ್ತಿದ್ದರೆ ಸಾಕು. ಅರ್ಜಿಗೆ ಕೊನೆಯ ದಿನ ಇಪ್ಪತ್ತನೇ ತಾರೀಖು. ನಾನೂ ಅರ್ಜಿ ಹಾಕಿದೆ. ನನ್ನ ಅರ್ಜಿಗೆ ನಾನೇ ಸೀಲು ಒತ್ತಿ, ನಾನೇ ನಂಬರು ಕೊಟ್ಟು, ನಾನೇ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಏಳು ವರ್ಷದಲ್ಲಿ ಹಾಕಿದ ಅರ್ಜಿಗಳಲ್ಲಿ ಇದೊಂದಾದರೂ ಕೈಹಿಡಿಯುತ್ತದೆ ಎಂದು ಅಮ್ಮ ಚಾಮುಂಡಿಗೆ ಹರಕೆ ಹೊತ್ತಳು.

ಇಪ್ಪತ್ತನೇ ತಾರೀಖು ಸಂಜೆ ಐದೂಕಾಲಿಗೆ, ನಾನು ಬೀರುವಿಗೆ ಬೀಗ ಹಾಕುತ್ತಿದ್ದಾಗ, ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದರು. ನನ್ನ ವಯಸ್ಸಿನವರೇ. ಹೆಸರು ಸವಿತಾ, ಅಶೋಕಪುರಂನವರು, ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಗಡಿಯಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಇಷ್ಟು ಹೊತ್ತಾಯಿತು ಅಂದರು. ಕಚೇರಿ ಮುಚ್ಚುವುದು ಐದೂವರೆಗೆ, ಇನ್ನೂ ಸಮಯ ಇದೆ ಎಂದು ಹೇಳಿ ಅರ್ಜಿ ತೆಗೆದುಕೊಂಡೆ. ಅದರ ಮೇಲೂ, ಅವರ ಜೆರಾಕ್ಸ್ ಪ್ರತಿಯ ಮೇಲೂ ಸೀಲು ಒತ್ತಿದೆ. ರಿಜಿಸ್ಟರಿನಲ್ಲಿ ಆ ದಿನದ ಕೊನೆಯ ಸಾಲಿನಲ್ಲಿ ಅವರ ಹೆಸರು ಬರೆದೆ. ಅವರು ಕೈಮುಗಿದು ಹೋದರು. ಸೀಲಿನಲ್ಲಿ ಇದ್ದದ್ದು ಇಪ್ಪತ್ತೊಂದು ಅನ್ನುವುದನ್ನು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ಅರ್ಜಿಗಳನ್ನು ಪರಿಶೀಲಿಸಿದವರು ಆಡಳಿತಾಧಿಕಾರಿಗಳು. ಅವರ ಮುಂದೆ ಇದ್ದದ್ದು ಅರ್ಜಿಗಳ ಕಟ್ಟು, ರಿಜಿಸ್ಟರ್ ಅಲ್ಲ. ಸೀಲಿನ ತಾರೀಖು ನೋಡಿ, ಅವಧಿ ಮೀರಿ ಬಂದ ಮೂರು ಅರ್ಜಿಗಳನ್ನು ತಿರಸ್ಕರಿಸಿ ಕಾಗದ ಕಳಿಸಲು ಹೇಳಿದರು. ಆ ಮೂರು ಕಾಗದಗಳನ್ನು ಟೈಪ್ ಮಾಡಿ ಅಂಚೆಗೆ ಹಾಕಿದವನು ನಾನೇ. ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಸವಿತಾ ಎಂದು ಟೈಪ್ ಮಾಡುವಾಗಲೂ ನನಗೆ ಏನೂ ನೆನಪಾಗಲಿಲ್ಲ. ಆಯಾಸ ಎಂದರೆ ಅದೇ ಅಂತ ಈಗ ಅನ್ನಿಸುತ್ತದೆ.

ದಸರಾ ರಜೆ ಮುಗಿದ ವಾರ, ಮಧ್ಯಾಹ್ನ, ಅವರು ಆ ಕಾಗದ ಮತ್ತು ಸೀಲು ಒತ್ತಿದ ಜೆರಾಕ್ಸ್ ಎರಡನ್ನೂ ಹಿಡಿದುಕೊಂಡು ಬಂದರು. ಗಲಾಟೆ ಮಾಡಲಿಲ್ಲ.

"ಸರ್, ನಾನು ಇಪ್ಪತ್ತನೇ ತಾರೀಖೇ ಕೊಟ್ಟೋಗಿದ್ದು. ನೀವೇ ಈಸ್ಕೊಂಡ್ರಲ್ಲ. ಇದ್ರಲ್ಲಿ ಯಾಕೆ ಇಂಗೆ ಐತೆ?"

ಜೆರಾಕ್ಸ್ ನೋಡಿದೆ. ಇಪ್ಪತ್ತೊಂದು. ಮೇಡಂ ಅಂಚೆ ಕಚೇರಿಗೆ ಹೋಗಿದ್ದರು. ನಾನು ಬಾಯಿ ತೆರೆದಾಗ ಬಂದ ಮಾತು, "ಮೇಡಂ ಇಲ್ಲ, ನಾಳೆ ಬನ್ನಿ." ಏಳು ವರ್ಷ ಎಷ್ಟೋ ಕಚೇರಿಗಳ ಕಿಟಕಿಯಲ್ಲಿ ನಾನು ಕೇಳಿಸಿಕೊಂಡು ಶಾಪ ಹಾಕಿದ ಮಾತು ಅದು. ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೇಸಿಗೆಯಾಯಿತು.

ನಾಳೆ ರಜಾ ಸಿಗುವುದಿಲ್ಲ, ಇವತ್ತೇ ಅರ್ಧ ದಿನ ಕೇಳಿಕೊಂಡು ಬಂದಿದ್ದೇನೆ ಎಂದು ಹೇಳಿ ಅವರು ಹೊರಗಿನ ಬೆಂಚಿನ ಮೇಲೆ ಕೂತರು. ನಾನು ರಿಜಿಸ್ಟರ್ ತೆಗೆದೆ. ಇಪ್ಪತ್ತನೇ ತಾರೀಖಿನ ಕೊನೆಯ ಸಾಲಿನಲ್ಲಿ ಅವರ ಹೆಸರು, ನನ್ನದೇ ಅಕ್ಷರ. ಸೀಲು ಸುಳ್ಳು, ರಿಜಿಸ್ಟರ್ ನಿಜ. ಆ ಒಂದು ಸಾಲಿನ ತಾರೀಖನ್ನು ಇಪ್ಪತ್ತೊಂದು ಮಾಡಿಬಿಟ್ಟರೆ ಎರಡೂ ತಾಳೆಯಾಗುತ್ತವೆ. ಅವರು ತಡವಾಗಿ ಬಂದರು ಅಂತ ಆಗುತ್ತದೆ. ನಾನು ಬಚಾವಾಗುತ್ತೇನೆ, ಒಬ್ಬ ಎದುರಾಳಿಯೂ ಕಡಿಮೆಯಾಗುತ್ತಾರೆ. ತಪ್ಪು ಒಪ್ಪಿಕೊಂಡರೋ, ಕೆಲಸ ತನಗೇ ಸಿಗಲಿ ಅಂತ ಬೇಕೆಂದೇ ಮಾಡಿದ ಅನ್ನದೆ ಯಾರು ಬಿಡುತ್ತಾರೆ? ಪಕ್ಕದ ಮೇಜಿನ ಡ್ರಾಯರಿನಲ್ಲಿ ವೈಟ್ನರ್ ಪೆನ್ನು ಇತ್ತು. ತೆಗೆದು ಅಲ್ಲಾಡಿಸಿದೆ. ಒಳಗಿನ ಗುಂಡು ಟಕಟಕ ಸದ್ದು ಮಾಡಿತು.

ಆ ಸದ್ದು ಹೊರಗೆ ಕೇಳಿಸಿತೇನೋ ಎಂದು ಕಿಟಕಿಯಿಂದ ನೋಡಿದೆ. ಸವಿತಾ ತಮ್ಮ ಪ್ಲಾಸ್ಟಿಕ್ ಕವರಿನ ಕಾಗದಗಳನ್ನೆಲ್ಲ ತೊಡೆಯ ಮೇಲೆ ಹರಡಿಕೊಂಡು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದರು. ಪ್ರಕಟಣೆಯ ತುಣುಕಿನ ಮೇಲೆ ಬೆರಳಿಟ್ಟು ಓದಿ, ಬೆರಳು ಮಡಚಿ ದಿನ ಎಣಿಸಿ, ಮತ್ತೆ ಓದುತ್ತಿದ್ದರು. ತಪ್ಪು ತಮ್ಮದೇ ಇರಬೇಕು, ಎಲ್ಲಿ ಅಂತ ಹುಡುಕುತ್ತಿದ್ದರು. ಪ್ರತಿ ಫಲಿತಾಂಶದ ಮರುದಿನ ನಾನು ಮಾಡುತ್ತಿದ್ದದ್ದೂ ಅದೇ. ವೈಟ್ನರ್ ಒಳಗಿಟ್ಟೆ.

ಮೇಡಂ ಬಂದ ಮೇಲೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಎಷ್ಟು ದಿನದಿಂದ ಸಂಜೆ ತಿರುಗಿಸುತ್ತಿದ್ದೀಯ ಎಂದು ಕೇಳಿದರು. ಮೂರು ತಿಂಗಳು ಅಂದೆ.

"ನೀನೂ ಅರ್ಜಿ ಹಾಕಿದ್ದೀಯ. ಜನ ಏನಂದ್ಕೋತಾರೆ ಅನ್ನೋದು ಗೊತ್ತಾ?"

"ಗೊತ್ತು ಮೇಡಂ."

"ಸರಿ, ಬರಿ."

ಅಷ್ಟು ತಿಂಗಳಲ್ಲಿ ನಾನು ಸ್ವಂತವಾಗಿ ಬರೆದ ಮೊದಲ ಟಿಪ್ಪಣಿ ಅದು. ಒಂದು ಪುಟ ಬರೆದೆ. ನನ್ನ ಮನೆಯ ಕಷ್ಟ, ಬಸ್ಸಿನ ಕಷ್ಟ, ಕ್ಷಮೆ, ಎಲ್ಲ ಇತ್ತು. ಮೇಡಂ ಓದಿ ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ ಗೆರೆ ಎಳೆದರು. ಕ್ಷಮೆ ಬೇಕಾದರೆ ಬೇರೆ ಕಾಗದದಲ್ಲಿ ಕೇಳು, ಇದರಲ್ಲಿ ಏನಾಯಿತು ಅಷ್ಟೇ ಇರಲಿ ಅಂದರು. ಕೊನೆಗೆ ನಾಲ್ಕು ಸಾಲು ಉಳಿಯಿತು. ಅದರ ಕೆಳಗೆ ಅವರೂ ಸಹಿ ಹಾಕಿದರು, ಬೆಳಗ್ಗೆ ಸೀಲು ಪರೀಕ್ಷಿಸಿದ ತಾವು ಸಂಜೆ ಪರೀಕ್ಷಿಸಲಿಲ್ಲ ಎಂದು ಒಂದು ಸಾಲು ಸೇರಿಸಿ. ನಾನು ಬೇಡವೆಂದರೂ ಕೇಳಲಿಲ್ಲ. ಹಿಂದಿನ ಸಂಜೆಯೇ ಸೀಲು ತಿರುಗಿಸಿದ್ದು ನನ್ನ ತಪ್ಪು ಎಂದು ಬೆಂಚಿನ ಮೇಲೆ ಕಾದಿದ್ದ ಸವಿತಾ ಅವರಿಗೂ ಹೇಳಿ ಕಳಿಸಿದೆ.

ಆಡಳಿತಾಧಿಕಾರಿಗಳು ನನ್ನನ್ನು ಕರೆಸಿ, ಬೇಕೆಂದೇ ಮಾಡಿದೆಯಾ ಎಂದು ನೇರವಾಗಿ ಕೇಳಿದರು. ಇಲ್ಲ ಅಂದೆ. ಅವರು ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಸವಿತಾ ಅವರ ಅರ್ಜಿ ಸ್ವೀಕಾರವಾಯಿತು. ಪರೀಕ್ಷೆಗೆ ನಮ್ಮಿಬ್ಬರನ್ನೂ ಕರೆದರು. ಒಂದು ಪತ್ರ ಬರೆಯಬೇಕಿತ್ತು, ಟೈಪ್ ಮಾಡಬೇಕಿತ್ತು. ಪಟ್ಟಿಯಲ್ಲಿ ಅವರ ಹೆಸರು ಮೊದಲು, ನನ್ನದು ಎರಡನೆಯದು. ಮತ್ತೆ ಅಂಚು. ಅಮ್ಮನಿಗೆ ಹೇಳಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತಾ, ಅನ್ನ ಬಡಿಸಲಾ ಎಂದಷ್ಟೇ ಕೇಳಿದಳು.

ನವೆಂಬರ್ ಕೊನೆಗೆ ನನ್ನ ಅವಧಿ ಮುಗಿಯಿತು. ಚಾರ್ಜ್ ವಹಿಸಬೇಕಾದದ್ದು ಸವಿತಾ ಅವರಿಗೇ. ಲೇಸು ಕಟ್ಟುವುದು, ಫೈಲಿಗೆ ಪುಟದ ನಂಬರು ಹಾಕುವುದು, ಯಾವ ಬೀರುವಿನ ಬಾಗಿಲು ಎತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತದೆ ಅನ್ನುವುದು, ಎಲ್ಲ ತೋರಿಸಿದೆ. ಸೀಲು ಕೈಗೆ ಕೊಟ್ಟಾಗ ಅವರು, "ಬೆಳಗ್ಗೆ ತಾನೆ ಸರ್ ತಿರುಗಿಸ್ಬೇಕಾದ್ದು?" ಅಂದರು. ಇಬ್ಬರೂ ನಕ್ಕೆವು. ಆಮೇಲೆ ಅವರು ರಿಜಿಸ್ಟರ್ ಮಗುಚುತ್ತಾ ಹೋಗಿ ಸೆಪ್ಟೆಂಬರಿನ ಒಂದು ಸಾಲಿನಲ್ಲಿ ನನ್ನ ಹೆಸರು ಕಂಡು ನಿಂತರು. ನಾನೂ ಅರ್ಜಿ ಹಾಕಿದ್ದೆ ಅನ್ನುವುದು ಅವರಿಗೆ ಆವರೆಗೆ ಗೊತ್ತೇ ಇರಲಿಲ್ಲ. ಪರೀಕ್ಷೆಯ ದಿನ ನನ್ನನ್ನು ಮೇಲ್ವಿಚಾರಣೆಗೆ ಬಂದವನು ಅಂದುಕೊಂಡಿದ್ದರಂತೆ.

ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು, "ಅವತ್ತು ನಾಳೆ ಬನ್ನಿ ಅಂದ್ರಲ್ಲ ಸರ್. ನಾನು ಎದ್ದು ಹೋಗ್ಬುಟ್ಟಿದ್ರೆ?"

ನಾನು ಬೀರುವಿನ ಬೀಗದ ಕೈ ಅವರ ಮೇಜಿನ ಮೇಲಿಟ್ಟೆ.

ಈಗ ನಾನು ಒಂದು ರಕ್ತಪರೀಕ್ಷಾ ಕೇಂದ್ರದ ಕೌಂಟರಿನಲ್ಲಿದ್ದೇನೆ. ಇದೂ ತಾತ್ಕಾಲಿಕವೇ. ಆ ಕಾಯಂ ಕೆಲಸ ನನಗೆ ಸಿಗಬಹುದಿತ್ತು ಎಂದು ದಣಿದ ದಿನಗಳಲ್ಲಿ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲಾರೆ. ಆದರೆ ಕೌಂಟರಿನ ಮುಂದೆ ಯಾರಾದರೂ ಕಾಗದ ಹಿಡಿದು ನಿಂತರೆ, ಎಷ್ಟೇ ಸುಸ್ತಾಗಿದ್ದರೂ, ನಾಳೆ ಬನ್ನಿ ಅನ್ನಲು ನನ್ನಿಂದ ಆಗುವುದಿಲ್ಲ. ಯಾಕೆಂದರೆ ಅವರು ಎದ್ದು ಹೋಗಿದ್ದರೆ ಆ ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.