ಶೋಭಾಳ ಆಟಕ್ಕೆ ನಾನು ಸೇರಿಸಿದ ಎರಡು ಸಾಲು

ಆ ಎರಡು ಸಾಲು ಬರೆದವಳು ನಾನು, ಶೋಭಾ ಅಲ್ಲ. ಮೂರು ವರ್ಷದಿಂದ ಕುಬಿಹಾಳದ ಮಂದಿ ಅವಳ ಹೆಸರು ಹಿಡಿದು ಬೈಯುತ್ತಿದ್ದಾರೆ. ನಾನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದೇನೆ — ಹೇಡಿಯ ಹಾಗೆ.

ಶೋಭಾ ನಮ್ಮೂರ ಸೊಸೆ. ಹೊಲಿಗೆ ಮಾಡುತ್ತಲೇ ಕುಂದಗೋಳಕ್ಕೆ ಹೋಗಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಜಾವಾ ಭಾಷೆ ಕಲಿಯುತ್ತಿದ್ದಳು. ನಾನು ಕಂಪ್ಯೂಟರ್ ಪದವಿ ಮುಗಿಸಿದವಳು. ತೊಡಕು ಬಂದರೆ ನನ್ನ ಬಳಿ ಬರುತ್ತಿದ್ದಳು. ಓದು ಬಾರದ ಹೆಂಗಸರಿಗಾಗಿ ಕಂಪ್ಯೂಟರಿನಲ್ಲಿ ಅವಳೊಂದು ಆಟ ಮಾಡಿದಳು. ಔಷಧದ ಡಬ್ಬಿಯ ಮೇಲಿನ ಪದ ಎಡಕ್ಕೆ, ಚಿತ್ರ ಬಲಕ್ಕೆ. ‘ಬೇವಿನ ಎಣ್ಣೆ’ಗೆ ಬರಿಗೈ, ‘ಕೀಟನಾಶಕ’ಕ್ಕೆ ಕೈಗವಸು. ಸರಿ ಜೋಡಿಸಿದರೆ ಚಪ್ಪಾಳೆಯ ಸದ್ದು. ನಮ್ಮಲ್ಲಿ ಬ್ಯಾರಲ್ಲಿನಲ್ಲಿ ಔಷಧ ಬೆರೆಸುವಾಗ ಮೊಣಕೈತನಕ ತೋಳು ಇಳಿಸಿ ತಿರುಗಿಸುವುದು ರೂಢಿ. ಬೇವಿನೆಣ್ಣೆಗೆ ಅದು ನಡೆಯುತ್ತದೆ, ಕೀಟನಾಶಕಕ್ಕೆ ನಡೆಯುವುದಿಲ್ಲ. ಅವಳ ಆಟ ಹುಟ್ಟಿದ್ದೇ ಆ ಹೆದರಿಕೆಯಿಂದ.

ಅವಳು ಬರೆದದ್ದು ಸರಿಯಾಗಿತ್ತು. ಆಟದ ಕ್ರಮ ಮಾತ್ರ ಪ್ರತಿ ಸಲ ಒಂದೇ ಬರುತ್ತಿತ್ತು. ಅದು ಬದಲಾಗಲೆಂದು ಪದಗಳ ಪಟ್ಟಿಯನ್ನೂ ಚಿತ್ರಗಳ ಪಟ್ಟಿಯನ್ನೂ ಬೇರೆ ಬೇರೆಯಾಗಿ ಅದಲುಬದಲು ಮಾಡುವ ಎರಡು ಸಾಲು ಕೋಡ್ ನಾನು ಸೇರಿಸಿದೆ. ಎರಡೂ ಪಟ್ಟಿಯಲ್ಲಿ ಒಂದೇ ಸ್ಥಾನದಲ್ಲಿ ಇದ್ದದ್ದನ್ನೇ ಆಟ ಸರಿ ಜೋಡಿ ಎಂದು ಎಣಿಸುತ್ತಿತ್ತು. ಯಾವ ಪದಕ್ಕೆ ಯಾವ ಚಿತ್ರ ಎಂಬುದೇ ಅದರಿಂದ ಕೆಟ್ಟುಹೋಯಿತು.

ಮರುದಿನವೇ ಬಂದಳು. “ಅಕ್ಕಾರ, ತಪ್ಪು ಜೋಡಿಗೂ ಚಪ್ಪಾಳಿ ಹೊಡ್ಯಾಕತ್ತೈತ್ರಿ.”

“ನೀನ ಏನರ ತಪ್ಪು ಒತ್ತಿರಬೇಕವಾ. ನಾ ನೋಡೇನಿ, ಬರೋಬ್ಬರಿ ಐತಿ.”

ನೋಡಿರಲಿಲ್ಲ. ಕಲಿಯುವವಳೊಬ್ಬಳು ನನ್ನ ತಪ್ಪು ಎತ್ತಿ ತೋರಿಸುವುದೆಂದರೆ — ಛೀ.

ಹೆಂಗಸರಿಗೆ ಆಟ ಆಡಿಸುವ ದಿನ ಶೋಭಾಳಿಗೆ ಪರೀಕ್ಷೆ. ಊರಿನ ಮಹಿಳಾ ಸಂಘದ ಕೋಣೆಯಲ್ಲಿ ನಾನೇ ಆಡಿಸಿದೆ. ಪಕ್ಕದ ಹೊಲದ ಎಲ್ಲವ್ವ ‘ಕೀಟನಾಶಕ’ ಒತ್ತಿದಳು, ಬರಿಗೈ ಒತ್ತಿದಳು. ಚಪ್ಪಾಳೆ ಕೇಳಿತು. “ನೋಡ್ರಬೇ, ನಾನೂ ಸಾಲಿ ಕಲ್ತೆ! ನಾಳಿಂದ ಪೇಪರ್ ಓದಾಕಿ ನಾನು!” ಎಲ್ಲರೂ ನಕ್ಕರು. ನನ್ನ ಮೊಬೈಲಿನಿಂದ ಕಣ್ಣೆತ್ತದೆ ನಾನೂ ಚಪ್ಪಾಳೆ ತಟ್ಟಿದೆ; ಅವಳು ಒತ್ತಿದ್ದೇನೆಂದು ನನಗೆ ಗೊತ್ತಾದದ್ದು ಆಮೇಲೆ.

ಮರುದಿನ ಮುಂಜಾನೆ ಅವಳು ಮೆಣಸಿನಕಾಯಿ ಗಿಡಕ್ಕೆ ಹೊಡೆಯಲು ಔಷಧ ಬೆರೆಸುತ್ತಿದ್ದಳು. ನಾನು ಹತ್ತು ಹೆಜ್ಜೆ ದೂರ, ಬದುವಿನ ಮೇಲೆ. ಡಬ್ಬಿಯ ಮೇಲಿನ ಪದಕ್ಕೆ ಬೆರಳಿಟ್ಟಳು, ಗುರುತು ಹಿಡಿದಳು, ನನ್ನತ್ತ ನೋಡಿ ಹೆಮ್ಮೆಯಿಂದ ನಕ್ಕಳು. ಬ್ಯಾರಲ್ಲಿಗೆ ತೋಳು ಇಳಿಸಿದಳು. ಕೂಗಬಹುದಿತ್ತು. ಡಬ್ಬಿ ಯಾವುದೆಂದು ಕೇಳಬಹುದಿತ್ತು — ಈಗಲೂ ಕಣ್ಣು ಮುಚ್ಚಿದರೆ ಆ ತೋಳು ಇಳಿಯುತ್ತದೆ, ನಾನು ಕೂಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಬೆವರು, ಬಾಯಲ್ಲಿ ನೊರೆ. ಹುಬ್ಬಳ್ಳಿಯ ಆಸ್ಪತ್ರೆಯ ದಾರಿಯುದ್ದಕ್ಕೂ ಟೆಂಪೊದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬದುಕಿದಳು. ಆದರೆ ಇಂದಿಗೂ ನೀರಿನ ತಂಬಿಗೆ ಹಿಡಿದರೆ ಆ ಕೈ ನಡುಗುತ್ತದೆ.

ಆಟದಲ್ಲಿ ಬರಿಗೈಗೇ ಚಪ್ಪಾಳೆ ಬಂದಿತ್ತೆಂದು ಎಲ್ಲವ್ವ ಆಸ್ಪತ್ರೆಯಲ್ಲಿ ಹೇಳಿದ್ದಳು. ಅವಳ ಮಗ ಸಂಘದ ಕೋಣೆಗೆ ನುಗ್ಗಿ, “ಯಾರಲೇ ಈ ಆಟ ಮಾಡಿದ್ದು?” ಎಂದು ಕೂಗಿದ.

ನಾನು ಹೇಳಿದ್ದು ಇಷ್ಟು: “ಶೋಭಾ. ಆಕಿ ಇನ್ನೂ ಹೊಸಬಳಪಾ, ಪೂರಾ ಬರೂದಿಲ್ಲ.”

ಶೋಭಾ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿದಳು. ನನ್ನ ಹೆಸರು ಹೇಳಲಿಲ್ಲ — ಹೇಳಿದ್ದರೂ ಪದವಿ ಇದ್ದವಳ ಮಾತಿನ ಮುಂದೆ ಹೊಲಿಗೆಯವಳ ಮಾತು ಯಾರು ನಂಬುತ್ತಿದ್ದರು? ಕಲಿಕೆ ಬಿಟ್ಟಳು. ನಾನು ಕೊಟ್ಟಿದ್ದ ಪುಸ್ತಕ ತನ್ನ ಮಗಳ ಕೈಯಲ್ಲಿ ಕಳಿಸಿದಳು. ಅವಳ ಬಳಿ ರವಿಕೆ ಹೊಲಿಸಲೂ ಈಗ ಮಂದಿ ಹಿಂದೆಮುಂದೆ ನೋಡುತ್ತಾರೆ. ನನ್ನನ್ನು ಮಾತ್ರ ಇನ್ನೂ “ಅಕ್ಕಾರ” ಎನ್ನುತ್ತಾರೆ.

ಹೋದ ವಾರ ಆ ಪುಸ್ತಕ ತೆರೆದೆ. ಒಳಗೆ ಆಟದ ಕೋಡಿನ ಪ್ರಿಂಟು. ನನ್ನ ಎರಡು ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಅವಳ ಅಕ್ಷರ: “ಎರಡೂ ಬೇರೆ ಬೇರೆ ತಿರುವಿದರೆ ಜೋಡಿ ಉಳಿಯುತ್ತದೆಯೇ? ಅಕ್ಕಾರನ್ನು ಕೇಳಬೇಕು.”

ಕೇಳಿದ್ದಳು.

ಗುರುವಾರ ಸಂಘ ಸೇರುತ್ತದೆ. ಈ ಪ್ರಿಂಟಿನ ಹಾಳೆ ಹಿಡಿದು ಮೊದಲು ಎಲ್ಲವ್ವನ ಎದುರು ನಿಲ್ಲುತ್ತೇನೆ, ಆಮೇಲೆ ಎಲ್ಲರ ಎದುರು. ಶೋಭಾ ನನ್ನನ್ನು ಕ್ಷಮಿಸಬೇಕಾಗಿಲ್ಲ.